ಕೀ ಆನ್ಸರ್ ಇಲ್ಲದ ಪರೀಕ್ಷೆ

ನಮ್ಮ ಕಡೆ ಮಕ್ಕಳು ಸೆಕೆಂಡ್ ಪಿಯುಸಿಗೆ ಬಂದರು ಅಂದರೆ ಊರವರು ಕೇಳೋ ಪ್ರಶ್ನೆಗಳು ಮೂರೇ. ಪರ್ಸೆಂಟೇಜ್ ಎಷ್ಟು? ಸಿಇಟಿ ರ್‍ಯಾಂಕ್ ಎಷ್ಟು? ಸೀಟು ಎಲ್ಲಿ? ನುಗ್ಗೇಹಳ್ಳಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಾಗಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಾಗಲಿ, ಈ ಮೂರು ಪ್ರಶ್ನೆ ದಾಟದೆ ಯಾವ ಮಗುವೂ ಮುಂದಕ್ಕೆ ಹೋಗೋ ಹಾಗಿಲ್ಲ. ಪುಣ್ಯಕ್ಕೆ ಮೂರಕ್ಕೂ ಚುಟುಕಾದ ಉತ್ತರ ಇದೆ. ಎರಡಕ್ಕೆ ಒಂದೊಂದು ಸಂಖ್ಯೆ, ಮೂರನೆಯದಕ್ಕೆ ಒಂದು ಊರಿನ ಹೆಸರು.

2024-25ರಲ್ಲಿ ನಮ್ಮ ಮನೆಯಿಂದ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿಗೆ ಹೊರಟರು. ಒಬ್ಬ ನನ್ನ ಮಗ, ಚನ್ನರಾಯಪಟ್ಟಣದಲ್ಲಿ ಪಿಯುಸಿ ಓದುತ್ತಿದ್ದ. ಇನ್ನೊಬ್ಬಳು ಅಮೆರಿಕದ ಡಲ್ಲಾಸ್ ಹತ್ತಿರ ಇರುವ ನನ್ನ ಮೈದುನನ ಮಗಳು. ಅಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸು, ಅವಳು ಕೊನೇ ವರ್ಷದಲ್ಲಿದ್ದಳು. ಮಗನ ವಿಷಯದಲ್ಲಿ ಊರವರಿಗೆ ಉತ್ತರ ಕೊಡೋದು ಸುಲಭ. ಅವಳ ವಿಷಯ ಕೇಳಿದವರಿಗೆ ಏನು ಹೇಳಬೇಕು ಅಂತ ಮೊದಲು ನನಗೇ ಗೊತ್ತಾಗುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಅವಳ ಜೊತೆ, ಅವಳಪ್ಪನ ಜೊತೆ ವರ್ಷವಿಡೀ ಮಾತಾಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ. ನಿಮ್ಮ ಮನೇಲೂ ಹೊರದೇಶದಲ್ಲಿ ಬೆಳೆಯೋ ಮಕ್ಕಳಿದ್ದಾರು.

ಮೊದಲನೆಯದಾಗಿ, ಅಲ್ಲಿ ನಮ್ಮ ಸಿಇಟಿ ಥರ ಎಲ್ಲವನ್ನೂ ತೀರ್ಮಾನ ಮಾಡೋ ಒಂದು ದಿನ ಇಲ್ಲ. ಎಸ್‌ಎಟಿ ಅಂತ ಒಂದು ಪರೀಕ್ಷೆ ಇದೆ, 1600ಕ್ಕೆ. ಆದರೆ ಅದನ್ನು ಎರಡು ಮೂರು ಸಲ ಬರೆದು ಒಳ್ಳೆಯ ಅಂಕ ಕಳಿಸಬಹುದು. ಕೋವಿಡ್ ಬಂದಾಗ 2020ರಲ್ಲಿ ಎಷ್ಟೋ ಕಾಲೇಜುಗಳು ಅದು ಕಡ್ಡಾಯ ಅಲ್ಲ ಅಂದವು. ಆಮೇಲೆ ಎಂಐಟಿ, ಹಾರ್ವರ್ಡ್, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಂಥವು ಮತ್ತೆ ಬೇಕೇ ಬೇಕು ಅಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾತ್ರ ಅಂಕ ಕಳಿಸಿದರೂ ಪ್ರವೇಶಕ್ಕೆ ಅದನ್ನು ನೋಡೋದೇ ಇಲ್ಲ. ಹೀಗೆ ಒಂದೊಂದು ಕಡೆ ಒಂದೊಂದು ಕಾನೂನು.

ಎಸ್‌ಎಟಿ ಜೊತೆಗೆ ಒಂಬತ್ತನೇ ಕ್ಲಾಸಿಂದ ಬಂದ ಅಂಕಗಳೆಲ್ಲ ಹೋಗುತ್ತವೆ. ಎಷ್ಟು ಕಷ್ಟದ ವಿಷಯ ತೆಗೆದುಕೊಂಡಿದ್ದೆ ಅನ್ನೋದನ್ನೂ ನೋಡುತ್ತಾರೆ. ಇಬ್ಬರು ಟೀಚರುಗಳು, ಒಬ್ಬರು ಕೌನ್ಸೆಲರ್ ಪತ್ರ ಬರೀಬೇಕು. ಆ ಪತ್ರ ನಾನು ಓದಲ್ಲ ಅಂತ ಹುಡುಗರು ಮೊದಲೇ ಬರೆದುಕೊಡೋದು ವಾಡಿಕೆ. ಇದನ್ನು ಕೇಳಿ ನನ್ನ ಮಗ ನಕ್ಕುಬಿಟ್ಟ. ನಮ್ಮ ಕಾಲೇಜಲ್ಲಿ ಕೊಡೋ ಕ್ಯಾರೆಕ್ಟರ್ ಸರ್ಟಿಫಿಕೇಟಿನಲ್ಲಿ ‘ನಡತೆ ತೃಪ್ತಿಕರ’ ಅಂತ ಅಚ್ಚಾಗೇ ಬಂದಿರುತ್ತೆ, ಹೆಸರು ತುಂಬಿದರೆ ಮುಗೀತು.

ಇಷ್ಟನ್ನೂ ಬಹುಪಾಲು ಕಾಲೇಜುಗಳಿಗೆ ಒಂದೇ ಅರ್ಜಿಯಲ್ಲಿ ಕಳಿಸಬಹುದು. ಅದಕ್ಕೆ ಕಾಮನ್ ಅಪ್ಲಿಕೇಶನ್ ಅಂತಾರೆ. 1975ರಲ್ಲಿ 15 ಕಾಲೇಜುಗಳು ಸೇರಿ ಶುರು ಮಾಡಿದ್ದು, ಈಗ ಸಾವಿರಕ್ಕೂ ಹೆಚ್ಚು ಕಾಲೇಜು ಅದರಲ್ಲಿವೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತೆ. ನವೆಂಬರ್ ಹೊತ್ತಿಗೆ ಕೆಲವಕ್ಕೆ ಮುಂಚೆಯೇ ಅರ್ಜಿ ಹಾಕಬಹುದು. ಅದರಲ್ಲೂ ಒಂದು ಬಗೆಯಲ್ಲಿ, ಸೀಟು ಕೊಟ್ಟರೆ ಬಂದೇ ಬರ್ತೀನಿ ಅಂತ ಮಗು, ಅಪ್ಪ ಅಮ್ಮ, ಕೌನ್ಸೆಲರ್ ಮೂರೂ ಕಡೆಯವರು ಸಹಿ ಹಾಕಬೇಕು. ನಿಶ್ಚಿತಾರ್ಥ ಇದ್ದ ಹಾಗೆ. ಉಳಿದವಕ್ಕೆ ಜನವರಿ ಮೊದಲ ವಾರದ ತನಕ ಕಾಲಾವಕಾಶ. ಮಾರ್ಚ್ ಕೊನೆಗೆ ಉತ್ತರ ಬರುತ್ತೆ. ಮೇ 1ರೊಳಗೆ ಎಲ್ಲಿಗೆ ಹೋಗ್ತೀಯ ಅಂತ ಹೇಳಬೇಕು.

ಆ ಅರ್ಜಿಯಲ್ಲಿ ‘ನೀನು ಏನೇನು ಮಾಡ್ತೀಯ’ ಅಂತ ಹತ್ತು ಖಾನೆ. ಒಂದೊಂದಕ್ಕೂ 150 ಅಕ್ಷರದಲ್ಲಿ ವಿವರ ಬರೀಬೇಕು. ಹುಡುಗಿ 2024ರ ಬೇಸಿಗೆ ರಜಕ್ಕೆ ಊರಿಗೆ ಬಂದಿದ್ದಾಗ ಲ್ಯಾಪ್‌ಟಾಪ್ ಮುಂದೆ ಕೂತು ಒದ್ದಾಡುತ್ತಿದ್ದಳು. ಪಕ್ಕದಲ್ಲಿ ನನ್ನ ಮಗ. ‘ನಿಂದೂ ಹಾಕೋಣ ಬಾ’ ಅಂತ ಅವಳು ತಮಾಷೆಗೆ ಶುರು ಮಾಡಿದಳು. ಅವನು ಹೇಳ್ತಾ ಹೋದ: ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತೋ ಆವಾಗ ಎದ್ದು ತೋಟಕ್ಕೆ ಮೋಟಾರ್ ಹಾಕೋದು. ಬೆಳಿಗ್ಗೆ ಡೈರಿಗೆ ಹಾಲು. ಅಪ್ಪನ ಜೊತೆ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ. ತಿಂಗಳಿಗೊಂದು ಸಲ ಅಜ್ಜೀನ ಪಟ್ಟಣದ ಆಸ್ಪತ್ರೆಗೆ ಕರಕೊಂಡು ಹೋಗೋದು. ಇವೆಲ್ಲ ಲೆಕ್ಕಕ್ಕೆ ಬರುತ್ತಾ ಅಂತ ನಾನು ಕೇಳಿದೆ. ‘ಬರುತ್ತೆ ದೊಡ್ಡಮ್ಮ, ಮನೆಯ ಜವಾಬ್ದಾರಿ ಅಂತಾನೇ ಒಂದು ಬಗೆ ಇದೆ ನೋಡಿ’ ಅಂತ ತೋರಿಸಿದಳು. ನಿಜ, ಇತ್ತು. ನಾಲ್ಕು ಖಾನೆ ತುಂಬಿತು. ಮಗನ ಮುಖ ನೋಡಬೇಕಿತ್ತು ನೀವು. ಹದಿನೇಳು ವರ್ಷಕ್ಕೆ ಮೊದಲನೇ ಸಲ ಯಾವುದೋ ಒಂದು ಫಾರಂ, ನೀನು ರಾತ್ರಿ ಎದ್ದು ಮೋಟಾರ್ ಹಾಕ್ತೀಯಾ ಅಂತ ಅವನನ್ನು ಕೇಳಿತ್ತು.

ಆದರೆ ಅವಳ ಒದ್ದಾಟ ಖಾನೆಗಳದ್ದಲ್ಲ, ಪ್ರಬಂಧದ್ದು. 650 ಪದದೊಳಗೆ ಒಂದು ಪ್ರಬಂಧ, ವಿಷಯ ಸುತ್ತಿ ಬಳಸಿ ಒಂದೇ: ನೀನು ಯಾರು? ನಮ್ಮ ಹತ್ತನೇ ಕ್ಲಾಸಿನ ಪ್ರಬಂಧದ ಥರ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಹಾಕಿದರೆ ನಡೆಯಲ್ಲ. ಇದಕ್ಕೂ ದುಡ್ಡು ತೆಗೆದುಕೊಂಡು ಹೇಳಿಕೊಡೋರಿದ್ದಾರೆ. ಅವಳಪ್ಪ ಒಬ್ಬ ಸಲಹೆಗಾರರನ್ನು ಗೊತ್ತು ಮಾಡಿದ್ದ. ಆ ಫೀಸು ಕೇಳಿ ನಾನು ಸುಮ್ಮನಾದೆ. ನಮ್ಮಲ್ಲಿ ಮಂಗಳೂರು ಕಡೆಯ ರೆಸಿಡೆನ್ಶಿಯಲ್ ಪಿಯು ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟೋರಿಲ್ವಾ, ಹಾಗೆ. ಇಲ್ಲಿ ದುಡ್ಡಿಗೆ ಅಭ್ಯಾಸ ಸಿಗುತ್ತೆ, ಅಲ್ಲಿ ದುಡ್ಡಿಗೆ ಕಥೆ ಸಿಗುತ್ತೆ.

ಆ ಸಲಹೆಗಾರರು ಹೇಳಿದ್ದೇನು ಗೊತ್ತಾ? ನಿನ್ನ ಅಜ್ಜಿ ಹಳ್ಳಿಯಲ್ಲಿದ್ದಾರಲ್ಲ, ಅವರ ಕಷ್ಟ ಬರಿ, ಚೆನ್ನಾಗಿ ಕೂರುತ್ತೆ. ಹುಡುಗಿ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿಕೊಂಡು ನಮ್ಮತ್ತೆಯ ಮುಂದೆ ಕೂತಳು. ನಮ್ಮತ್ತೆ ನಾಲ್ಕನೇ ಕ್ಲಾಸಿನ ತನಕ ಓದಿದವರು. ಜಾಣೆ ಅಂತ ಮೇಷ್ಟ್ರು ಮನೆಗೇ ಬಂದು ಹೇಳಿದ್ದರಂತೆ. ಆದರೂ ತಮ್ಮಂದಿರನ್ನು ನೋಡಿಕೊಳ್ಳೋಕೆ ಬಿಡಿಸಿದರು. ಅದನ್ನೆಲ್ಲ ಮೊಮ್ಮಗಳಿಗೆ ಖುಷಿಯಾಗೇ ಹೇಳಿದರು. ಕೊನೆಗೆ ಕೇಳಿದರು: ‘ಇದೆಲ್ಲ ಯಾತಕ್ಕವ್ವ?’ ಇವಳು ಕಾಲೇಜಿನ ಅರ್ಜಿಗೆ ಅಂದಳು. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಸ್ಕೂಲು ಬಿಟ್ಟೋಳು ನಾನು. ನಾನು ಬಿಟ್ಟಿದ್ದಕ್ಕೆ ನಿಂಗ್ಯಾಕೆ ಸೀಟು ಕೊಡ್ತಾರೆ?’ ಅಂದರು. ಕೋಪ ಏನಿರಲಿಲ್ಲ, ನಿಜವಾಗಲೂ ಅರ್ಥವಾಗದೆ ಕೇಳಿದ ಪ್ರಶ್ನೆ. ಹುಡುಗಿ ರೆಕಾರ್ಡಿಂಗ್ ನಿಲ್ಲಿಸಿದಳು.

ಮಾರನೇ ದಿನ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ ನಿಮಗೆ ಗೊತ್ತಿರಬಹುದು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಹೊರಗೋಡೆಯ ಶಿಲ್ಪಗಳಲ್ಲಿ ಕೆಲವಕ್ಕೆ ಕೆತ್ತಿದವರ ಹೆಸರಿದೆ, ಬೈಚೋಜ, ಮಲ್ಲಿತಮ್ಮ ಅಂತ. ಕಟ್ಟಿಸಿದವನು ದಂಡನಾಯಕನಾದರೂ ಕಲ್ಲಿನ ಕೆಳಗೆ ಉಳಿ ಹಿಡಿದವನ ಹೆಸರು. ಹುಡುಗಿ ಅಲ್ಲೇ ನಿಂತು, ‘ನನ್ನ ಪ್ರಬಂಧದಲ್ಲಿ ಅರ್ಧ ವಾಕ್ಯ ಸಲಹೆಗಾರರದ್ದು ದೊಡ್ಡಮ್ಮ, ಮಿಕ್ಕರ್ಧ ಅಜ್ಜಿಯ ಬದುಕು. ಕೆಳಗೆ ಸಹಿ ಮಾತ್ರ ನಂದು’ ಅಂದಳು. ನಾನು ಏನೂ ಹೇಳಲಿಲ್ಲ. ಹೇಳೋ ಅಂಥದ್ದೂ ಇರಲಿಲ್ಲ.

ವಾಪಸ್ ಹೋಗಿ ಅವಳು ಬರೆದಿದ್ದು ಬೇರೇನೇ. ಅವರ ಸ್ಕೂಲಿನ ಆರ್ಕೆಸ್ಟ್ರಾದಲ್ಲಿ ನಾಲ್ಕು ವರ್ಷ ಪಿಟೀಲು ನುಡಿಸಿದವಳು ಅವಳು. ನಾಲ್ಕೂ ವರ್ಷ ಎರಡನೇ ಪಿಟೀಲಿನ ಗುಂಪಿನಲ್ಲೇ, ಅದರಲ್ಲೂ ಹಿಂದಿನ ಸಾಲು. ಪ್ರತಿ ವರ್ಷ ಮುಂದಿನ ಸಾಲಿಗೆ ಆಡಿಷನ್ ಕೊಡೋದು, ಆಗದೇ ಇರೋದು, ಆದರೂ ಹೋಗೋದು. ಹಿಂದೆ ಕೂತವಳಿಗೆ ಎಲ್ಲಾ ವಾದ್ಯ ಒಟ್ಟಿಗೆ ಹೇಗೆ ಕೇಳುತ್ತೆ ಅನ್ನೋದನ್ನೇ 600 ಪದ ಬರೆದಿದ್ದಳು. ನನಗೆ ಕಳಿಸಿದಳು. ಇಂಗ್ಲಿಷಿನಲ್ಲಿತ್ತು, ಡಿಕ್ಷನರಿ ಇಟ್ಟುಕೊಂಡು ಓದಿದೆ. ಚೆನ್ನಾಗಿತ್ತು. ಅವಳಪ್ಪ ಮಾತ್ರ ತಲೆ ಮೇಲೆ ಕೈ ಹೊತ್ತುಕೊಂಡಿದ್ದ. ‘ಅತ್ತಿಗೆ, ಸೋತಿದ್ದನ್ನ ಯಾರಾದ್ರೂ ಅರ್ಜೀಲಿ ಬರೀತಾರಾ? ನೀವಾದ್ರೂ ಹೇಳಿ.’ ಅವನೂ ಇದೇ ಊರಿಂದ ಸಿಇಟಿ ಬರೆದು ಹೋದವನಲ್ಲವೇ, ಅವನ ಭಯ ನನಗೆ ಅರ್ಥವಾಯಿತು.

ಇಲ್ಲಿ ಒಂದು ಮಾತು. ಅಮೆರಿಕದವರು ಮಗು ಎಲ್ಲಿಂದ ಬಂತು ಅಂತ ನೋಡುತ್ತಾರೆ, ನಮ್ಮವರು ಬರೀ ಅಂಕ ನೋಡುತ್ತಾರೆ ಅಂತ ಕೆಲವರು ಹೇಳೋದುಂಟು. ಅದು ಪೂರ್ತಿ ಸರಿಯಲ್ಲ. ನಮ್ಮ ಸಿಇಟಿಯೂ ಕೇಳುತ್ತೆ, ಆದರೆ ಪ್ರಬಂಧದಲ್ಲಿ ಅಲ್ಲ, ಸರ್ಟಿಫಿಕೇಟಿನಲ್ಲಿ. ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿ. ನಮ್ಮ ಮಗನಿಗೆ ಹಳ್ಳಿಯವನು ಅಂತ ಹೇಳಿಕೊಳ್ಳೋಕೆ 650 ಪದ ಬೇಕಾಗಲಿಲ್ಲ, ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ ಸಾಕಾಯಿತು. ಯಾರ ಮುಂದೆಯೂ ಕಷ್ಟ ತೋಡಿಕೊಳ್ಳಬೇಕಿಲ್ಲ, ಚೆಂದವಾಗಿ ಹೇಳೋಕೆ ಬರಬೇಕು ಅಂತಲೂ ಇಲ್ಲ. ಇದರಲ್ಲಿ ಒಂದು ಮರ್ಯಾದೆ ಇದೆ ಅಂತ ನನಗೆ ಅನಿಸುತ್ತೆ. ಅಲ್ಲಾದರೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಪ್ರವೇಶ ಕೊಡುವಾಗ ಜನಾಂಗ ನೋಡಬಾರದು, ಆದರೆ ಅದು ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಓದಬಹುದು ಅಂದಿತು. ಅಂದರೆ ಭಾರವೆಲ್ಲ ಮತ್ತೆ ಮಗುವಿನ ಪೆನ್ನಿನ ಮೇಲೇ ಬಿತ್ತು.

ಟೆಕ್ಸಾಸಿನಲ್ಲಿ ಮಾತ್ರ ನಮ್ಮ ಗ್ರಾಮೀಣ ಕೋಟಾ ನೆನಪಿಸೋ ಒಂದು ಕಾನೂನಿದೆ. 1997ರಲ್ಲಿ ಆದದ್ದು. ರಾಜ್ಯದ ಯಾವುದೇ ಹೈಸ್ಕೂಲಾಗಲಿ, ಅದರಲ್ಲಿ ಮೊದಲ ಶೇ. 10ರಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಪ್ರವೇಶ. ದೂರದ ಹಳ್ಳಿಯ ಸಣ್ಣ ಸ್ಕೂಲಿನ ಜಾಣರಿಗೂ ಬಾಗಿಲು ತೆರೆಯಲಿ ಅಂತ. ಆಸ್ಟಿನ್‌ನಲ್ಲಿ ಜನ ಜಾಸ್ತಿಯಾಗಿ, 2025ರಲ್ಲಿ ಸೇರೋರಿಗೆ ಅದು ಶೇ. 6ಕ್ಕೆ ಇಳಿದಿತ್ತು. ನಮ್ಮ ಹುಡುಗಿಯ ಸ್ಕೂಲಿನಲ್ಲಿ ಎಂಜಿನಿಯರುಗಳ ಮಕ್ಕಳೇ ತುಂಬಿದ್ದಾರೆ. ಬಹುತೇಕ ಎಲ್ಲದರಲ್ಲೂ ಎ ಬಂದರೂ ಇವಳು ನಿಂತಿದ್ದು ಶೇ. 9ರಲ್ಲಿ. ಹಾಗಾಗಿ ಆಸ್ಟಿನ್ ಕೈ ತಪ್ಪಬಹುದಿತ್ತು, ಟೆಕ್ಸಾಸ್ ಎ ಅಂಡ್ ಎಂನಲ್ಲಿ ಪ್ರವೇಶ ಖಚಿತವಿತ್ತು, ಕೇಳಿದ ವಿಭಾಗ ಸಿಗುತ್ತೋ ಇಲ್ಲವೋ ಅನ್ನೋದು ಬೇರೆ. ಉಳಿದಂತೆ ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಿಗೂ ಹಾಕಿದ್ದಳು, ಒಟ್ಟು ಹನ್ನೊಂದು. ಅಂಥ ಕಡೆ ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತೆ. ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ, ಅದಕ್ಕೆ ಬೇರೆ ಅರ್ಜಿಗಳು.

ಮಾರ್ಚ್ ಕೊನೇ ವಾರ. ಅಲ್ಲಿನ ಹಲವು ಹೆಸರಾಂತ ಕಾಲೇಜುಗಳು ಒಂದೇ ಸಂಜೆ, ಒಂದೇ ಹೊತ್ತಿಗೆ ಫಲಿತಾಂಶ ಬಿಡುತ್ತವೆ. ಅವರ ಸಂಜೆ ನಮ್ಮ ನಸುಕು. ನನ್ನ ಮಗ ಪಿಯು ಪರೀಕ್ಷೆ ಮುಗಿಸಿ ಸಿಇಟಿಗೆ ಓದೋಕೆ ನಾಲ್ಕೂವರೆಗೇ ಎದ್ದಿದ್ದ. ಐದು ಗಂಟೆ ಹೊತ್ತಿಗೆ ಅವನ ಫೋನ್ ಬಂತು. ಅವಳು ಅಪ್ಪ ಅಮ್ಮ ಇದ್ದ ಹಾಲ್‌ಗೆ ಹೋಗದೆ ರೂಮಿನ ಬಾಗಿಲು ಹಾಕಿಕೊಂಡು ಇವನಿಗೆ ಮಾಡಿದ್ದಳು. ಒಂದಾದ ಮೇಲೊಂದು ಇಲ್ಲ, ಇಲ್ಲ, ಇಲ್ಲ. ಒಂದು ಕಡೆ ಮಾತ್ರ ಕಾಯುವ ಪಟ್ಟಿ. ನಾನು ಒಲೆ ಮುಂದೆ ಇದ್ದೆ, ಎಲ್ಲ ಕೇಳಿಸುತ್ತಿತ್ತು. ಮಗನಿಗೆ ಸಮಾಧಾನ ಹೇಳೋಕೆ ಬರಲ್ಲ. ಅವನು ಕೇಳಿದ್ದು ಇಷ್ಟೇ: ‘ಎಲ್ಲಿ ತಪ್ಪಾಯ್ತು ಅಂತ ಹೇಳಲ್ವಾ? ಕೀ ಆನ್ಸರ್ ಬಿಡಲ್ವಾ?’

ಅವಳು ಅಳ್ತಾ ಅಳ್ತಾನೇ ನಕ್ಕಳು. ‘ಇಲ್ಲ ಕಣೋ, ಬಿಡಲ್ಲ.’

ಆವತ್ತಿಂದ ನನ್ನ ತಲೆಯಲ್ಲಿ ಕೂತಿರೋದು ಆ ಪ್ರಶ್ನೆ. ನಮ್ಮಲ್ಲಿ ಸಿಇಟಿ ಮುಗಿದ ಸ್ವಲ್ಪ ದಿನಕ್ಕೆ ಪರೀಕ್ಷಾ ಪ್ರಾಧಿಕಾರದವರು ಕೀ ಆನ್ಸರ್ ಹಾಕುತ್ತಾರೆ. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ನನ್ನ ಮಗ ಕೂತು ಲೆಕ್ಕ ಹಾಕಿದ: ಗಣಿತ ಪರವಾಗಿಲ್ಲ, ಫಿಸಿಕ್ಸ್ ಕೈ ಕೊಟ್ಟಿದೆ. ರ್‍ಯಾಂಕು ಅಂದುಕೊಂಡದ್ದಕ್ಕಿಂತ ಹಿಂದೆ ಬಂತು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆದರೆ ಅವನ ಸಿಟ್ಟೆಲ್ಲ ಫಿಸಿಕ್ಸ್ ಮೇಲಿತ್ತು, ತನ್ನ ಮೇಲಲ್ಲ. ಅವಳಿಗೆ ಬೈಯೋಕೆ ಒಂದು ಫಿಸಿಕ್ಸೂ ಇರಲಿಲ್ಲ. ನೀನು ಯಾರು ಅಂತ ಕೇಳಿದರು, ಇವಳು ಪ್ರಾಮಾಣಿಕವಾಗಿ ಹೇಳಿದಳು, ಅವರು ಬೇಡ ಅಂದರು. ಹದಿನೇಳು ವರ್ಷದ ಹುಡುಗಿ ಅದನ್ನು ಹೇಗೆ ತೆಗೆದುಕೊಳ್ಳಬೇಕು? ‘ಅಜ್ಜಿ ಕಥೇನೇ ಬರೀಬೇಕಿತ್ತೇನೋ’ ಅಂತಲೂ ಅಂದಳಂತೆ ಒಮ್ಮೆ. ಅದನ್ನು ಕೇಳಿ ನನಗೆ ಸಂಕಟವಾಯಿತು.

ನಿಜ ಹೇಳಬೇಕು ಅಂದರೆ ಆ ‘ಬೇಡ’ಕ್ಕೆ ಅರ್ಥವೇ ಬೇರೆ. ಹಾರ್ವರ್ಡಿನಂಥ ಕಡೆ ಅರ್ಜಿ ಹಾಕಿದ ನೂರರಲ್ಲಿ ಸುಮಾರು ನಾಲ್ಕು ಮಂದಿಗಷ್ಟೇ ಸೀಟು. ಓದೋರಿಗೆ ಒಂದೊಂದು ಅರ್ಜಿಗೆ ಸಿಗೋದು ಕೆಲವೇ ನಿಮಿಷ. ಈ ವರ್ಷ ಬ್ಯಾಂಡಿಗೆ ತುತ್ತೂರಿಯವನು ಬೇಕಿರಬಹುದು, ಈಜುವವನು ಬೇಕಿರಬಹುದು, ದೂರದ ರಾಜ್ಯದವನು ಬೇಕಿರಬಹುದು. ಅಲ್ಲೇ ಓದಿದವರ ಮಕ್ಕಳಿಗೆ ಒಂದು ಕೈ ಮೇಲೆ ಅನ್ನೋ ಪದ್ಧತಿ ಕೆಲವು ಕಡೆ ಈಗಲೂ ಇದೆ. 2019ರಲ್ಲಂತೂ ಶ್ರೀಮಂತರು ಮಕ್ಕಳನ್ನು ಕ್ರೀಡಾಪಟುಗಳು ಅಂತ ಸುಳ್ಳು ತೋರಿಸಿ ಲಂಚ ಕೊಟ್ಟು ಸೇರಿಸಿದ್ದು ಬಯಲಾಗಿ, ಹಾಲಿವುಡ್ ನಟಿಯರೂ ಜೈಲಿಗೆ ಹೋದರು. ಇಷ್ಟೆಲ್ಲ ಲೆಕ್ಕಾಚಾರದ ಕೊನೆಗೆ ಬರೋ ಉತ್ತರ ಒಂದು ಮಗುವಿನ ಯೋಗ್ಯತೆಯ ತೀರ್ಪು ಆಗೋಕೆ ಹೇಗೆ ಸಾಧ್ಯ? ಅದೊಂದು ಬಸ್ಸು ಭರ್ತಿಯಾದ ಸುದ್ದಿ, ಅಷ್ಟೇ. ಆದರೆ ಪ್ರಶ್ನೆ ‘ನೀನು ಯಾರು’ ಅಂತ ಇದ್ದ ಮೇಲೆ, ಉತ್ತರವನ್ನು ಬಸ್ಸಿನ ಸುದ್ದಿ ಅಂತ ತೆಗೆದುಕೋ ಅಂದರೆ ಮಕ್ಕಳಿಗೆ ಆಗಲ್ಲ. ಅದನ್ನು ಮನೆಯವರು ಮೊದಲೇ, ಆಗಸ್ಟ್‌ನಲ್ಲೇ ಹೇಳಿಕೊಡಬೇಕು. ಮಾರ್ಚ್‌ನಲ್ಲಿ ಹೇಳಿದರೆ ಸಮಾಧಾನದ ಮಾತಾಗುತ್ತೆ, ನಂಬಲ್ಲ.

ಇನ್ನೊಂದು ವಿಷಯ. ಅಮೆರಿಕದ ಕಾಲೇಜು ಅಂದರೆ ನಾವು ಕೇಳಿರೋದು ನಾಲ್ಕೈದು ಹೆಸರು. ಅಲ್ಲಿನ ಹೆಚ್ಚಿನ ಕಾಲೇಜುಗಳು ಅರ್ಜಿ ಹಾಕಿದ ಬಹುಪಾಲು ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಕಮ್ಯುನಿಟಿ ಕಾಲೇಜು ಅಂತ ಊರೂರಿಗೆ ಇವೆ, ಅಲ್ಲಿ ಹೈಸ್ಕೂಲು ಮುಗಿಸಿದ ಯಾರು ಬೇಕಾದರೂ ಕಡಿಮೆ ಫೀಸಿನಲ್ಲಿ ಎರಡು ವರ್ಷ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಈ ದಾರಿಯ ಬಗ್ಗೆ ನಮ್ಮ ಅನಿವಾಸಿ ಮನೆಗಳಲ್ಲಿ ಮಾತೇ ಆಡಲ್ಲ. ಊರಲ್ಲಿ ಹೇಳಿದರೆ ಯಾರಿಗೂ ಗೊತ್ತಾಗಲ್ಲ ಅನ್ನೋ ಸಂಕೋಚ. ಅಂದರೆ ಆ ಮಕ್ಕಳ ಮೇಲಿನ ಒತ್ತಡದಲ್ಲಿ ನಮ್ಮ ಟೀ ಅಂಗಡಿ ಪ್ರಶ್ನೆಗಳದ್ದೂ ಒಂದು ಪಾಲಿದೆ, ಹತ್ತು ಸಾವಿರ ಮೈಲಿ ದೂರದಿಂದ.

ನಮ್ಮ ಹುಡುಗಿ ಎ ಅಂಡ್ ಎಂ ಸೇರಿದಳು, ಎಂಜಿನಿಯರಿಂಗೇ ಸಿಕ್ಕಿತು. ಅಲ್ಲಿ ಮೊದಲ ವರ್ಷ ಎಂಜಿನಿಯರಿಂಗಿನ ಎಲ್ಲರಿಗೂ ಒಂದೇ ಪಾಠ, ಬ್ರ್ಯಾಂಚು ಯಾವುದು ಅಂತ ಆಮೇಲೆ ಕೇಳಿಕೊಳ್ಳಬೇಕಂತೆ. ಇದನ್ನು ಕೇಳಿದ ನಮ್ಮ ಮನೆಯವರು, ‘ಕಂಪ್ಯೂಟರ್ ಸೈನ್ಸ್ ಅಲ್ವಾ ಹಾಗಾದ್ರೆ?’ ಅಂತ ಇನ್ನೂ ಕೇಳ್ತಾನೇ ಇದ್ದಾರೆ.

ಮಗನ ಆಪ್ಷನ್ ಎಂಟ್ರಿ ಬಂದಾಗ ಅವಳು ದಿನಾ ವಿಡಿಯೊ ಕಾಲಿನಲ್ಲಿ ಹಾಜರು. ಅಣಕು ಸೀಟು ಹಂಚಿಕೆ, ನಿಜವಾದ ಸುತ್ತು, ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಅಂತ ಇವನು ವಿವರಿಸಿದ. ಸೀಟು ಒಪ್ಪಿಗೆ, ಆದರೂ ಮುಂದಿನ ಸುತ್ತಿಗೆ ಕಾಯ್ತೀನಿ ಅನ್ನೋ ಎರಡನೇ ಚಾಯ್ಸ್ ಕೇಳಿ ಅವಳಿಗೆ ಬಹಳ ಇಷ್ಟವಾಯಿತು. ‘ಕೈಲಿರೋದನ್ನ ಬಿಡದೇ ಕಾಯಬಹುದಾ? ಎಷ್ಟು ಒಳ್ಳೆಯವರು ನಿಮ್ಮ ಪ್ರಾಧಿಕಾರದವರು!’ ಪ್ರಾಧಿಕಾರದವರಿಗೆ ಇಂಥ ಮಾತು ಯಾರಾದರೂ ಹೇಳಿದ್ದಾರೋ ಇಲ್ಲವೋ. ಕೊನೆಗೆ ಇವನಿಗೆ ಹಾಸನದಲ್ಲೇ ಸಿಕ್ಕಿತು, ಮೆಕ್ಯಾನಿಕಲ್. ಸೇರೋ ಮುಂಚೆ ನಾನು ಒಂದು ಹಾಳೆ ಕೊಟ್ಟು, ನೀನೂ ಒಂದು ಬರಿಯಪ್ಪ, ನೀನು ಯಾರು ಅಂತ, ನನಗೋಸ್ಕರ ಅಂದೆ. ಒಂದೂವರೆ ಪುಟ ಬರೆದ. ರಾತ್ರಿ ತೋಟದಲ್ಲಿ ಮೋಟಾರ್ ಹಾಕಿ, ನೀರು ಕೊನೇ ಮರಕ್ಕೆ ಮುಟ್ಟೋ ತನಕ ಒಬ್ಬನೇ ಕೂತಿರೋದರ ಬಗ್ಗೆ. ಅವನಿಗೆ ಕತ್ತಲೆ ಅಂದರೆ ಭಯ, ಈಗಲೂ ಭಯವೇ ಅಂತ ಅದರಲ್ಲಿ ಬರೆದಿತ್ತು. ಹದಿನೆಂಟು ವರ್ಷ ಸಾಕಿದ ನನಗೆ ಅದು ಗೊತ್ತಿರಲಿಲ್ಲ.

ಈಗ ಮೋಟಾರ್ ಹಾಕೋಕೆ ಅವರಪ್ಪ ಹೋಗುತ್ತಾರೆ. ಜೊತೆಗೆ ನಾನೂ ಹೋಗ್ತೀನಿ. ಮಕ್ಕಳಿಬ್ಬರೂ ಫೋನಿನಲ್ಲಿ ಮಾತಾಡ್ತಾನೇ ಇರ್ತಾರೆ, ಹೆಚ್ಚಾಗಿ ಹಾಸ್ಟೆಲ್ ಊಟದ ಬಗ್ಗೆ.